ಪೇಟೆ ಅಂಗಡಿಯವರು ಪದೇ ಪದೇ ಕೇಳುವ ಪ್ರಶ್ನೆಗಳು: ರಸ್ತೆ, ಭದ್ರತೆ, ಅಭಿವೃದ್ಧಿ

ಬೆಂಗಳೂರಿನ ಹಳೇ ಪೇಟೆಯಲ್ಲಿ ಅಂಗಡಿ ಇಟ್ಟವರು ನಾಲ್ಕು ಜನ ಸೇರಿದರೆ ಸಾಕು, ಮಾತು ಮೂರೇ ವಿಷಯಕ್ಕೆ ಬಂದು ನಿಲ್ಲುತ್ತದೆ. ರಸ್ತೆ, ಕಳ್ಳತನ, ಮತ್ತೆ ರಸ್ತೆ. ಚಿಕ್ಕಪೇಟೆ, ಬಳೇಪೇಟೆ, ನಗರ್ತಪೇಟೆ, ಮಾಮೂಲ್‌ಪೇಟೆ, ಅಕ್ಕಿಪೇಟೆ, ತರಗುಪೇಟೆ, ಅವೆನ್ಯೂ ರಸ್ತೆ ಎಲ್ಲ ಕಡೆಯೂ ಇದೇ ಕಥೆ. 1537ರಲ್ಲಿ ಕೆಂಪೇಗೌಡರು ಕಟ್ಟಿದ ಪೇಟೆ ಇದು. ಎತ್ತಿನ ಗಾಡಿಗೆ ಅಂತ ಬಿಟ್ಟ ಓಣಿಗಳಲ್ಲಿ ಈಗ ಟೆಂಪೋ, ಆಟೋ, ಸ್ಕೂಟರ್, ಕೈಗಾಡಿ, ಗಿರಾಕಿ ಎಲ್ಲರೂ ಓಡಾಡಬೇಕು. ನಮ್ಮ ಅಂಗಡಿಯವರ ಸಭೆಗಳಲ್ಲಿ ಜಾಸ್ತಿ ಕೇಳಿಬರುವ ಪ್ರಶ್ನೆಗಳನ್ನು ಇಲ್ಲಿ ಹಾಕಿದ್ದೇನೆ. ಉತ್ತರಗಳಲ್ಲಿ ನನ್ನ ಅಭಿಪ್ರಾಯವೂ ಬೆರೆತಿದೆ, ಒಪ್ಪದಿದ್ದರೆ ಸಭೆಗೆ ಬಂದು ಜಗಳ ಆಡಿ.

ನಮ್ಮ ರಸ್ತೆ ಈಗ ಯಾರ ಕೈಯಲ್ಲಿದೆ? ಬಿಬಿಎಂಪಿ ಇಲ್ವಲ್ಲ?

ಇಲ್ಲ. 2025ರ ಸೆಪ್ಟೆಂಬರ್ 2ರಿಂದ ಬಿಬಿಎಂಪಿ ಜಾಗದಲ್ಲಿ ಐದು ಪಾಲಿಕೆಗಳಿವೆ, ಅವುಗಳ ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಇದೆ. ಚಿಕ್ಕಪೇಟೆ, ಗಾಂಧಿನಗರ, ಚಾಮರಾಜಪೇಟೆ ಕ್ಷೇತ್ರಗಳು ಬರುವುದು ಬೆಂಗಳೂರು ಕೇಂದ್ರ ನಗರ ಪಾಲಿಕೆಗೆ. ಹಾಗಾಗಿ ಪೇಟೆಯವರು ಅರ್ಜಿ ಬರೆಯುವಾಗ ಈ ಪಾಲಿಕೆಯ ಆಯುಕ್ತರ ಹೆಸರಿಗೇ ಬರೆಯಬೇಕು. ಹಳೇ ಲೆಟರ್‌ಹೆಡ್‌ನಲ್ಲಿ ಬಿಬಿಎಂಪಿ ಅಂತ ಅಚ್ಚಾಗಿದ್ದರೆ ಅದನ್ನು ಬಿಸಾಕಿ. ವಿಳಾಸ ತಪ್ಪಾಗಿದೆ ಅನ್ನುವುದೇ ಅರ್ಜಿ ಪಕ್ಕಕ್ಕಿಡೋಕೆ ಒಂದು ನೆಪ ಆಗಬಾರದು.

ಆದರೆ ರಸ್ತೆ ಮೇಲೆ ಕಾಣುವುದೆಲ್ಲ ಪಾಲಿಕೆಯದಲ್ಲ. ಕುಡಿಯುವ ನೀರು, ಒಳಚರಂಡಿ, ಅದರ ಚೇಂಬರ್ ಮುಚ್ಚಳ ಜಲಮಂಡಳಿಯದು. ಕರೆಂಟ್ ಕಂಬ, ಟ್ರಾನ್ಸ್‌ಫಾರ್ಮರ್ ಬೆಸ್ಕಾಂದು. ಸಿಗ್ನಲ್, ಏಕಮುಖ ಸಂಚಾರ, ಪಾರ್ಕಿಂಗ್ ದಂಡ ಸಂಚಾರ ಪೊಲೀಸರದು. ಜೋತು ಬಿದ್ದಿರುವ ಕಪ್ಪು ತಂತಿಗಳಲ್ಲಿ ಬಹುಪಾಲು ಕೇಬಲ್ ಟಿವಿ, ಇಂಟರ್ನೆಟ್‌ನವರದು. ಅದಕ್ಕೆ ಬೆಸ್ಕಾಂನವರನ್ನು ಬೈದು ಪ್ರಯೋಜನವಿಲ್ಲ.

ನಂಬರ್‌ಗಳು: ಪಾಲಿಕೆ 1533, ಜಲಮಂಡಳಿ 1916, ಬೆಸ್ಕಾಂ 1912, ಪೊಲೀಸ್ ಮತ್ತು ತುರ್ತು ಸೇವೆ 112. ಗಲ್ಲಾಪೆಟ್ಟಿಗೆ ಮೇಲೆ ಒಂದು ಚೀಟಿ ಅಂಟಿಸಿ. ಹುಡುಗರಿಗೂ ಗೊತ್ತಿರಲಿ.

ಗುಂಡಿ ಬಿದ್ದಿದೆ ಅಂತ ಹತ್ತು ಸಲ ಫೋನ್ ಮಾಡಿದೆ. ಏನೂ ಆಗಲಿಲ್ಲ. ಯಾಕೆ?

ಫೋನ್ ಮಾಡಿದಾಗ ದೂರಿನ ಸಂಖ್ಯೆ ತಗೊಂಡ್ರಾ? ಬಹಳ ಜನ ತಗೊಳ್ಳಲ್ಲ. ಸಂಖ್ಯೆ ಇಲ್ಲದ ದೂರು ಸುಮ್ನೆ ಮಾತಿನ ಲೆಕ್ಕ. ಎರಡನೇ ತಪ್ಪು ಅಂದರೆ ‘ಚಿಕ್ಕಪೇಟೆ ರಸ್ತೆ ಪೂರಾ ಹಾಳಾಗಿದೆ’ ಅಂತ ಹೇಳುವುದು. ಎಂಜಿನಿಯರ್‌ಗೆ ‘ಪೂರಾ’ ಅನ್ನುವುದು ಕೆಲಸವೇ ಅಲ್ಲ. ಯಾವ ಅಂಗಡಿ ಮುಂದೆ, ಯಾವ ಅಡ್ಡರಸ್ತೆ ಮೂಲೆಯಲ್ಲಿ, ಎಷ್ಟು ಅಗಲ ಅಂತ ಹೇಳಿ. ಫೋಟೋದಲ್ಲಿ ಅಂಗಡಿ ಬೋರ್ಡ್ ಕಾಣಬೇಕು. ‘ರಸ್ತೆ ಗುಂಡಿ ಗಮನ’ ಆ್ಯಪ್‌ನಲ್ಲಿ ಫೋಟೋ ಹಾಕಬಹುದು. ಹಾಕಿದ್ದರ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ಇನ್ನೊಂದು ವಿಷಯ. ಪೇಟೆಯಲ್ಲಿ ಗುಂಡಿ ಅಂತ ನಾವು ಕರೆಯುವ ಎಷ್ಟೋ ಜಾಗ ನಿಜಕ್ಕೂ ಗುಂಡಿಯಲ್ಲ, ತಗ್ಗಿದ ಚೇಂಬರ್. ರಸ್ತೆ ಮೇಲೆ ಹೊಸದಾಗಿ ಡಾಂಬರು ಹಾಕಿ ಎತ್ತರ ಮಾಡುತ್ತಾರೆ, ಮುಚ್ಚಳ ಇದ್ದಲ್ಲೇ ಉಳಿಯುತ್ತದೆ. ನಾಲ್ಕು ಬೆರಳಷ್ಟು ತಗ್ಗಿದರೂ ಸಾಕು. ಸೀರೆ ಬೇಲು ತುಂಬಿದ ಕೈಗಾಡಿಯ ಚಕ್ರ ಅದರ ಅಂಚಿಗೆ ಸಿಕ್ಕಿಕೊಳ್ಳುತ್ತದೆ. ಮುಂದೆ ಎಳೆಯುವ ಹಮಾಲಿ ನೊಗಕ್ಕೆ ಜೋತು ಬೀಳುತ್ತಾನೆ, ಹಿಂದೆ ತಳ್ಳುವವನು ಭುಜ ಕೊಡುತ್ತಾನೆ, ಅಷ್ಟರಲ್ಲಿ ಹಿಂದೆ ಹತ್ತು ಆಟೋ ಹಾರ್ನ್ ಹೊಡೆಯುತ್ತಿರುತ್ತವೆ. ಇದನ್ನು ಪಾಲಿಕೆಗೆ ಹೇಳಿದರೆ ಜಲಮಂಡಳಿ ಅನ್ನುತ್ತಾರೆ, ಜಲಮಂಡಳಿಗೆ ಹೇಳಿದರೆ ಪಾಲಿಕೆ ಅನ್ನುತ್ತಾರೆ. ಒಂದೇ ದಿನ ಎರಡೂ ಕಡೆ ದೂರು ಕೊಡಿ. ಒಂದರ ಸಂಖ್ಯೆಯನ್ನು ಇನ್ನೊಂದರಲ್ಲಿ ಬರೆಯಿರಿ.

ಈಗ ತಾನೇ ಹಾಕಿದ ರಸ್ತೆಯನ್ನು ಮತ್ತೆ ಅಗೆಯುತ್ತಾರಲ್ಲ, ತಡೆಯೋಕಾಗಲ್ವಾ?

ಅಗೆದ ಮೇಲೆ ಏನೂ ಮಾಡೋಕಾಗಲ್ಲ. ರಸ್ತೆ ಹಾಕುವ ಮುಂಚೆ ಮಾಡಬಹುದು.

ಕೆಲಸ ಶುರುವಾಗುತ್ತದೆ ಅಂತ ಗೊತ್ತಾದ ತಕ್ಷಣ ಮೂರು ಕಡೆಗೆ ಪತ್ರ ಬರೆಯಿರಿ: ಜಲಮಂಡಳಿ, ಬೆಸ್ಕಾಂ, ಪಾಲಿಕೆ. ‘ಈ ರಸ್ತೆಗೆ ಇಂಥ ತಿಂಗಳಲ್ಲಿ ಕಾಂಕ್ರೀಟ್ ಹಾಕುತ್ತಿದ್ದಾರೆ. ನಿಮ್ಮ ಪೈಪು, ಕೇಬಲ್ ಬದಲಿಸುವುದಿದ್ದರೆ ಈಗಲೇ ಬದಲಿಸಿ’ ಅಂತ ಎರಡೇ ಸಾಲು ಸಾಕು. ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಆರು ತಿಂಗಳ ನಂತರ ಯಾರಾದರೂ ಡ್ರಿಲ್ಲಿಂಗ್ ಮೆಷಿನ್ ತಂದರೆ ಆ ಮುದ್ರೆ ಕೆಲಸಕ್ಕೆ ಬರುತ್ತದೆ. ಜೊತೆಗೆ ರಸ್ತೆ ಕತ್ತರಿಸೋಕೆ ಅನುಮತಿ ಪತ್ರ ಇದೆಯಾ ಅಂತ ಕೇಳಿ. ಅಂಗಡಿಯವರು ಕೇಳಿದರೆ ತೋರಿಸಲೇಬೇಕು ಅನ್ನುವ ವಾತಾವರಣ ನಮ್ಮ ಓಣಿಯಲ್ಲಿ ಬಂದಿದೆ. ಕೆಲವು ಕಡೆ ಇನ್ನೂ ಬಂದಿಲ್ಲ.

ರಸ್ತೆ ಕೆಲಸದ ಟೆಂಡರ್‌ನಲ್ಲಿ ದೋಷ ಹೊಣೆಗಾರಿಕೆ ಅವಧಿ ಅಂತ ಒಂದು ಇರುತ್ತದೆ. ಆ ಅವಧಿಯಲ್ಲಿ ರಸ್ತೆ ಕಿತ್ತುಬಂದರೆ ಗುತ್ತಿಗೆದಾರ ತನ್ನ ಖರ್ಚಿನಲ್ಲೇ ಸರಿ ಮಾಡಬೇಕು. ಅವಧಿ ಎಷ್ಟು, ಯಾವಾಗ ಮುಗಿಯುತ್ತದೆ ಅಂತ ಗೊತ್ತಿರುವ ವ್ಯಾಪಾರಿ ಇಡೀ ಪೇಟೆಯಲ್ಲಿ ಬೆರಳೆಣಿಕೆ. ಮಾಹಿತಿ ಹಕ್ಕಿನಲ್ಲಿ ಕೇಳಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದ ಪ್ರಕಾರ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದ ಒಳಗೆ ಇರಬೇಕು. ಹಳೇ ಜಗಳವನ್ನೆಲ್ಲ ಅದರಲ್ಲಿ ತುಂಬಬೇಡಿ.

ಕಾಂಕ್ರೀಟ್ ರಸ್ತೆಗೆ ಇಷ್ಟು ದಿನ ಯಾಕೆ ಬೇಕು?

ಕಾಂಕ್ರೀಟ್ ಲೆಕ್ಕದ ಪೂರ್ತಿ ಗಟ್ಟಿತನಕ್ಕೆ ಬರೋಕೆ 28 ದಿನ ಅಂತ ಎಣಿಸುತ್ತಾರೆ. ಅಷ್ಟು ದಿನ ನೀರುಣಿಸುವುದು, ಭಾರದ ಗಾಡಿ ಬಿಡದೆ ಇರುವುದು ಮುಖ್ಯ. ನಾವು ಗುತ್ತಿಗೆದಾರನಿಗೆ ಗಲಾಟೆ ಮಾಡಿ ಹತ್ತನೇ ದಿನಕ್ಕೇ ಟೆಂಪೋ ಬಿಡಿಸಿಕೊಂಡರೆ ಬಿರುಕು ಬಿಡುವುದು ನಮ್ಮ ರಸ್ತೆಯೇ. ಆದರೆ ತಿಂಗಳುಗಟ್ಟಲೆ ತಡವಾಗುವುದಕ್ಕೆ ಕಾಂಕ್ರೀಟ್ ಕಾರಣ ಅಲ್ಲ. ಅಗೆದಾಗ ನಕ್ಷೆಯಲ್ಲಿಲ್ಲದ ಹಳೇ ಪೈಪು, ಹಳೇ ಚರಂಡಿ ಸಿಗುತ್ತವೆ. ಪೇಟೆಯ ನೆಲದ ಕೆಳಗೆ ಏನಿದೆ ಅಂತ ಪೂರ್ತಿ ಬಲ್ಲವರು ಯಾರೂ ಇಲ್ಲ.

ಅವಸರದ ಕೆಲಸ ಹೇಗಿರುತ್ತದೆ ಅಂತ ಕಮರ್ಷಿಯಲ್ ಸ್ಟ್ರೀಟ್‌ನವರನ್ನು ಕೇಳಿ. ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ಹಾಸಿದ ಕಲ್ಲನ್ನು 2021ರಲ್ಲಿ ಕೆಲವೇ ತಿಂಗಳೊಳಗೆ ಕಿತ್ತು ಮತ್ತೆ ಹಾಸಬೇಕಾಯಿತು.

ಹಾಗಾದರೆ ಕೆಲಸ ಯಾವ ತಿಂಗಳಲ್ಲಿ ಮಾಡಿಸಿಕೊಳ್ಳಬೇಕು?

ಈ ಪ್ರಶ್ನೆ ಕೇಳಿದವರಿಗೆ ನನ್ನ ನಮಸ್ಕಾರ, ಯಾಕಂದರೆ ನಾವು ಬಾಯಿಬಿಟ್ಟು ಹೇಳಬೇಕಾದ್ದು ಇದೇ. ಅಧಿಕಾರಿಗಳ ಕ್ಯಾಲೆಂಡರ್‌ನಲ್ಲಿ ಹಣಕಾಸು ವರ್ಷ ಮುಗಿಯುವ ಮಾರ್ಚ್ ಇದೆ, ನಮ್ಮ ಕ್ಯಾಲೆಂಡರ್‌ನಲ್ಲಿ ವರಮಹಾಲಕ್ಷ್ಮಿ ಇದೆ.

ಎಲ್ಲರೂ ಮೊದಲು ಹೇಳುವುದು ಆಷಾಢ. ಮದುವೆ ಇಲ್ಲ, ಸೀರೆ ವ್ಯಾಪಾರ ಇಲ್ಲ, ಅಗೆಯಲಿ ಬಿಡಿ ಅಂತ. ಆದರೆ ಆಷಾಢ ಅಂದರೆ ಜೂನ್, ಜುಲೈ, ಮಳೆ. ಅಗೆದ ಗುಂಡಿಯಲ್ಲಿ ನೀರು ನಿಂತು, ನೆಲಮಾಳಿಗೆ ಅಂಗಡಿಗಳಿಗೆ ನುಗ್ಗುತ್ತದೆ. ಮುಂದೆ ಶ್ರಾವಣ, ವರಮಹಾಲಕ್ಷ್ಮಿ, ಗೌರಿ ಗಣೇಶ ಬಂದೇ ಬಿಡುತ್ತವೆ. ಪಿತೃಪಕ್ಷ ಸಿಗುವುದು ಹದಿನೈದೇ ದಿನ, ಅದರ ಹಿಂದೆಯೇ ದಸರಾ, ದೀಪಾವಳಿ.

ಉಳಿಯುವುದು ಧನುರ್ಮಾಸ. ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿವರೆಗೆ ಮದುವೆ ಇಲ್ಲ, ಮಳೆಯೂ ಇಲ್ಲ. ರೇಷ್ಮೆ, ಚಿನ್ನ, ಪಾತ್ರೆ ಅಂಗಡಿಗಳಿಗೆ ಇದಕ್ಕಿಂತ ತಣ್ಣಗಿನ ಕಾಲ ಇಲ್ಲ. ಅವೆನ್ಯೂ ರಸ್ತೆಯ ಪುಸ್ತಕದ ಅಂಗಡಿಯವರಿಗೆ ಮಾತ್ರ ಜೂನ್ ಮುಟ್ಟಬಾರದು, ಅದು ಶಾಲೆ ಶುರುವಾಗುವ ಹೊತ್ತು. ತರಗುಪೇಟೆ ದಿನಸಿಯವರಿಗೆ ಹಬ್ಬದ ಮುಂಚಿನ ಎರಡು ವಾರ ಮುಖ್ಯ. ಹೀಗೆ ಓಣಿ ಓಣಿಗೂ ಒಂದು ಪಟ್ಟಿ ಮಾಡಿ ಎಂಜಿನಿಯರ್ ಮೇಜಿನ ಮೇಲಿಡಿ. ಪಾಲಿಸುತ್ತಾರಾ ಅಂದರೆ ಎಲ್ಲ ಸಲ ಇಲ್ಲ. ಕೊಡದಿದ್ದರೆ ಮಾತ್ರ ಯಾವತ್ತೂ ಇಲ್ಲ.

ಚೈತ್ರ ಹುಣ್ಣಿಮೆಗೆ ಕರಗ ಬರುವ ಮುಂಚೆ ನೋಡಿದ್ದೀರಲ್ಲ, ಕರಗ ಹೋಗುವ ದಾರಿಯಲ್ಲಿ ಗುಂಡಿ ಮುಚ್ಚುತ್ತಾರೆ, ತಂತಿ ಮೇಲೆತ್ತುತ್ತಾರೆ. ಧರ್ಮರಾಯನ ಗುಡಿಯ ದಿನಾಂಕ ಅಧಿಕಾರಿಗಳಿಗೆ ತಿಂಗಳು ಮೊದಲೇ ಗೊತ್ತಿರುತ್ತದೆ, ನಮ್ಮ ದಿನಾಂಕ ಯಾರಿಗೂ ಗೊತ್ತಿರುವುದಿಲ್ಲ.

ಲೋಡಿಂಗ್‌ಗೆ ಜಾಗ ಇಲ್ಲ, ಗಿರಾಕಿಗೆ ಪಾರ್ಕಿಂಗ್ ಇಲ್ಲ. ಏನು ಮಾಡೋದು?

ಮೊದಲು ಒಂದು ಕಹಿ ಮಾತು. ಬೆಳಗ್ಗೆ ಹತ್ತಕ್ಕೆ ಷಟರ್ ಎತ್ತುವ ಹೊತ್ತಿಗೇ ಅಂಗಡಿ ಮುಂದಿನ ಜಾಗ ತುಂಬಿರುತ್ತದೆ. ಯಾರ ಗಾಡಿ? ನಮ್ಮದೇ, ನಮ್ಮ ಹುಡುಗರದೇ. ಸಂಜೆವರೆಗೆ ಅಲ್ಲೇ. ಅದರ ಪಕ್ಕ ನಮ್ಮದೇ ಸ್ಟ್ಯಾಂಡು, ಗೊಂಬೆ, ರಟ್ಟಿನ ಡಬ್ಬ. ಆಮೇಲೆ ಗಿರಾಕಿಗೆ ಜಾಗವಿಲ್ಲ ಅಂತ ಮನವಿ ಕೊಡುತ್ತೇವೆ. ಅಧಿಕಾರಿ ಒಮ್ಮೆ ಓಣಿಗೆ ಬಂದು ನೋಡಿದರೆ ಮನವಿಯ ಕಥೆ ಅಲ್ಲಿಗೆ ಮುಗಿಯಿತು.

ಸಾಧ್ಯವಿರುವುದು ಏನೆಂದರೆ, ಓಣಿಯವರೆಲ್ಲ ಕೂತು ಲೋಡಿಂಗ್ ಸಮಯ ಗೊತ್ತು ಮಾಡಿಕೊಳ್ಳುವುದು. ಬೆಳಗ್ಗೆ ಗಿರಾಕಿ ಬರುವ ಮುಂಚೆ ಒಂದು ಸಲ, ರಾತ್ರಿ ಷಟರ್ ಎಳೆಯುವಾಗ ಒಂದು ಸಲ. ಪಾರ್ಸೆಲ್ ಆಫೀಸಿನವರನ್ನೂ ಸಭೆಗೆ ಕರೆಯಿರಿ, ಅವರ ಟೆಂಪೋ ಸಮಯ ಬದಲಾಗದೆ ನಮ್ಮದು ಬದಲಾಗಲ್ಲ. ಆಮೇಲೆ ಸಂಚಾರ ಠಾಣೆಗೆ ಹೋಗಿ ಅದನ್ನೇ ಬರೆದು ಕೊಡಿ. ನೀವೇ ಪಾಲಿಸುತ್ತಿರುವ ಸಮಯಕ್ಕೆ ಪೊಲೀಸರು ಬೇಗ ಒಪ್ಪುತ್ತಾರೆ.

ಕಾರಿನವರಿಗೆ ಫ್ರೀಡಂ ಪಾರ್ಕ್ ಹತ್ತಿರದ ಬಹುಮಹಡಿ ಪಾರ್ಕಿಂಗ್ ಇದೆ. ಅಲ್ಲಿಂದ ಚಿಕ್ಕಪೇಟೆಗೆ ನಡೆಯೋಕೆ ಒಂದು ಕಿಲೋಮೀಟರ್ ಮೇಲಾಗುತ್ತದೆ, ಕೈಯಲ್ಲಿ ಚೀಲ ಇದ್ದರೆ ಯಾರೂ ನಡೆಯಲ್ಲ. ಇನ್ನು ಚಿಕ್ಕಪೇಟೆ, ಕೆ.ಆರ್. ಮಾರುಕಟ್ಟೆ ಮೆಟ್ರೊ ನಿಲ್ದಾಣಗಳು 2017ರ ಜೂನ್‌ನಿಂದ ಇವೆ. ನಿಮ್ಮ ಬಿಲ್ಲಿನ ಹಿಂದೆ ‘ಚಿಕ್ಕಪೇಟೆ ಮೆಟ್ರೊದಿಂದ ಇಷ್ಟು ನಿಮಿಷ’ ಅಂತ ಅಚ್ಚು ಹಾಕಿಸಿದ್ದೀರಾ? ಖರ್ಚಿಲ್ಲದ ಕೆಲಸ ಅದು.

ವಾಹನ ಸಂಚಾರ ನಿಲ್ಲಿಸಿ ಬರೀ ನಡೆಯುವವರಿಗೆ ಬಿಟ್ಟರೆ ವ್ಯಾಪಾರ ಬೀಳುತ್ತಾ?

ಚರ್ಚ್ ಸ್ಟ್ರೀಟ್‌ನಲ್ಲಿ 2020ರ ನವೆಂಬರ್‌ನಿಂದ ಕೆಲವು ತಿಂಗಳು ವಾರಾಂತ್ಯ ವಾಹನ ಸಂಚಾರ ನಿಲ್ಲಿಸಿ ನೋಡಿದರು. ಜನ ಬಂದರು. ಆದರೆ ಅದು ಕಾಫಿ ಕುಡಿಯುವ, ತಿರುಗಾಡುವ ರಸ್ತೆ. ನಮ್ಮದು ಹೋಲ್‌ಸೇಲ್, ಬೇಲು ಹೊತ್ತು ಸಾಗಿಸುವ ಜಾಗ. ಇಡೀ ದಿನ ಬಂದ್ ಮಾಡಿದರೆ ನಾನೇ ವಿರೋಧಿಸುತ್ತೇನೆ. ಮಧ್ಯಾಹ್ನದಿಂದ ಸಂಜೆವರೆಗೆ ಕಾರು ಮಾತ್ರ ತಡೆದು, ಕೈಗಾಡಿ ಬಿಟ್ಟರೆ? ಚಿಲ್ಲರೆ ಅಂಗಡಿಗಳಿಗೆ ಲಾಭವೇ ಅಂತ ನನ್ನ ಲೆಕ್ಕ. ಇದರಲ್ಲಿ ನಮ್ಮೊಳಗೇ ಒಮ್ಮತ ಇಲ್ಲ.

ಬೀದಿ ವ್ಯಾಪಾರಿಗಳನ್ನು ಎಬ್ಬಿಸಿ ಅಂತ ಯಾಕೆ ಯಾರೂ ಗಟ್ಟಿಯಾಗಿ ಕೇಳಲ್ಲ?

ಕೇಳುತ್ತಾರೆ, ಆದರೆ ಕಾನೂನು ಗೊತ್ತಿಲ್ಲದೆ ಕೇಳುತ್ತಾರೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ಸರ್ವೆ ಆಗಬೇಕು, ವ್ಯಾಪಾರ ವಲಯ ಗುರುತಿಸಬೇಕು, ಸ್ಥಳಾಂತರ ಮಾಡುವುದಾದರೆ 30 ದಿನದ ನೋಟಿಸ್ ಕೊಡಬೇಕು. ಇದನ್ನೆಲ್ಲ ನೋಡಿಕೊಳ್ಳುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಬೀದಿ ವ್ಯಾಪಾರಿಗಳ ಪಾಲು ಶೇ 40ಕ್ಕೆ ಕಡಿಮೆ ಇರಬಾರದು. ವರ್ತಕರ ಸಂಘದವರಿಗೂ ಅಲ್ಲಿ ಜಾಗ ಇದೆ. ಆ ಕುರ್ಚಿಯಲ್ಲಿ ಕೂತು ಮಾತಾಡುವುದು ಬಿಟ್ಟು ರಸ್ತೆಯಲ್ಲಿ ಕೂಗಾಡಿದರೆ ಏನು ಬಂತು?

ಅವರೂ ಗಿರಾಕಿ ತರುತ್ತಾರೆ. ಭಾನುವಾರ ನಮ್ಮ ಷಟರ್ ಮುಚ್ಚಿದಾಗ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಸಂಡೇ ಬಜಾರ್ ನೋಡಿ. ನಮಗೆ ಬೇಕಿರುವುದು ಬಾಗಿಲಿಗೆ ದಾರಿ, ಆ್ಯಂಬುಲೆನ್ಸ್‌ಗೆ ದಾರಿ. ಒಂದು ಬಿಳಿ ಗೆರೆ ಎಳೆದು, ನಮ್ಮ ಗೊಂಬೆಯೂ ಅದನ್ನು ದಾಟದಂತೆ ನೋಡಿಕೊಂಡರೆ ಅರ್ಧ ಜಗಳ ಮುಗಿಯುತ್ತದೆ.

ಅಂಗಡಿಗೆ ಸಿಸಿಟಿವಿ ಕಡ್ಡಾಯವಾ?

ಒಂದೇ ಹೊತ್ತಿಗೆ 100 ಜನ ಅಥವಾ ದಿನಕ್ಕೆ 500 ಜನ ಸೇರುವ ಜಾಗಕ್ಕೆ ಕಡ್ಡಾಯ, 2017ರ ಕರ್ನಾಟಕ ಸಾರ್ವಜನಿಕ ಸುರಕ್ಷತೆ ಕಾಯ್ದೆಯ ಪ್ರಕಾರ. ದೃಶ್ಯ 30 ದಿನ ಇಟ್ಟಿರಬೇಕು. ದೊಡ್ಡ ಸೀರೆ ಅಂಗಡಿಗಳು, ಕಾಂಪ್ಲೆಕ್ಸ್‌ಗಳು ಇದರೊಳಗೆ ಬಂದೇ ಬರುತ್ತವೆ. ಸಣ್ಣ ಅಂಗಡಿಗೆ ಕಡ್ಡಾಯವಿಲ್ಲದಿದ್ದರೂ ಹಾಕಿಸಿ.

ನಾನು ನೋಡಿದ ತೊಂದರೆ ಬೇರೆ. ಎಲ್ಲರ ಕ್ಯಾಮೆರಾನೂ ಗಲ್ಲಾ ಕಡೆ ತಿರುಗಿರುತ್ತದೆ, ಯಾಕಂದರೆ ಮಾಲೀಕರಿಗೆ ಹುಡುಗರ ಮೇಲೇ ಅನುಮಾನ. ರಸ್ತೆ ಕಡೆ ನೋಡುವ ಕ್ಯಾಮೆರಾ ಇರಲ್ಲ. ಕಳ್ಳ ಯಾವ ಕಡೆ ಓಡಿದ ಅಂತ ಪೊಲೀಸರು ಕೇಳಿದರೆ ಇಡೀ ಓಣಿ ಮುಖ ಮುಖ ನೋಡಿಕೊಳ್ಳುತ್ತದೆ. ನಾಲ್ಕು ಅಂಗಡಿಗೆ ಒಂದರಂತೆ ರಸ್ತೆ ಕಡೆ ಕ್ಯಾಮೆರಾ ಹಾಕಿ, ಖರ್ಚು ಹಂಚಿಕೊಳ್ಳಿ. ರೆಕಾರ್ಡರ್‌ನ ಗಡಿಯಾರ ಸರಿ ಇದೆಯಾ ನೋಡಿ. ಇಪ್ಪತ್ತು ನಿಮಿಷ ಹಿಂದೆ ಓಡುವ ಗಡಿಯಾರದ ದೃಶ್ಯ ತನಿಖೆಯಲ್ಲಿ ತಲೆನೋವು. ಯಾವ ಅಂಗಡಿಯಲ್ಲಿ ಎಷ್ಟು ಕ್ಯಾಮೆರಾ ಇದೆ ಅನ್ನುವ ಪಟ್ಟಿಯನ್ನು ಠಾಣೆಗೆ ಕೊಟ್ಟಿಡಿ.

ರಾತ್ರಿ ಕಾವಲಿಗೆ ನಾವೇ ಜನ ಇಡಬೇಕಾ? ಪೊಲೀಸರಿಲ್ವಾ?

ಬೀಟ್ ಪೊಲೀಸರು ಬರುತ್ತಾರೆ, ಆದರೆ ಒಬ್ಬರಿಗೆ ಎಷ್ಟು ಓಣಿ ಅಂತ ನೋಡಿದ್ದೀರಲ್ಲ. ಕಾವಲುಗಾರ ಬೇಕೇ ಬೇಕು. ಪರವಾನಗಿ ಇರುವ ಏಜೆನ್ಸಿಯಿಂದ ತಗೊಳ್ಳಿ, ಆಧಾರ್ ಪ್ರತಿ ಠಾಣೆಯಲ್ಲಿರಲಿ. ಖರ್ಚನ್ನು ಷಟರ್ ಲೆಕ್ಕದಲ್ಲಿ ಹಂಚುವುದು ಸುಲಭ: ಎರಡು ಷಟರ್ ಇದ್ದವರು ಎರಡು ಪಾಲು.

ನಿಮ್ಮ ಅಂಗಡಿ ಯಾವ ಠಾಣೆಗೆ ಸೇರುತ್ತದೆ ಅಂತ ಮೊದಲೇ ತಿಳಿದುಕೊಳ್ಳಿ. ಸಿಟಿ ಮಾರ್ಕೆಟ್, ಹಲಸೂರು ಗೇಟ್, ಉಪ್ಪಾರಪೇಟೆ, ಕಾಟನ್‌ಪೇಟೆ ಠಾಣೆಗಳ ಗಡಿ ಪೇಟೆಯೊಳಗೇ ಹಾದುಹೋಗುತ್ತದೆ. ರಸ್ತೆಯ ಎಡಗಡೆ ಒಂದು ಠಾಣೆ, ಬಲಗಡೆ ಇನ್ನೊಂದು ಆಗಿರಬಹುದು. ತಿಂಗಳ ನಾಲ್ಕನೇ ಶನಿವಾರ ಪೊಲೀಸರು ಮಾಸಿಕ ಜನಸಂಪರ್ಕ ದಿವಸ ಮಾಡುತ್ತಾರೆ. ನಮ್ಮವರು ಶನಿವಾರ ವ್ಯಾಪಾರ ಬಿಟ್ಟು ಹೋಗಲ್ಲ. ಸರದಿ ಹಾಕಿಕೊಂಡು ಒಬ್ಬರಾದರೂ ಹೋಗಿ.

ಕ್ಯುಆರ್ ಸ್ಟಿಕ್ಕರ್ ಬದಲಾಯಿಸಿ ಮೋಸ ಮಾಡುತ್ತಾರಂತೆ?

ಹೌದು. ರಾತ್ರಿ ಸ್ಟಿಕ್ಕರ್ ಒಳಗಿಡಿ, ಬೆಳಗ್ಗೆ ಬೋಣಿಗೆ ಮುಂಚೆ ನೀವೇ ಒಂದು ರೂಪಾಯಿ ಹಾಕಿ ಹೆಸರು ನೋಡಿ. ದುಡ್ಡು ಬಂತು ಅಂತ ಸ್ಪೀಕರ್ ಹೇಳುವವರೆಗೆ ಮಾಲು ಕೈ ಬಿಡಬೇಡಿ, ಗಿರಾಕಿ ತೋರಿಸುವ ಪರದೆ ನಂಬಬೇಡಿ. ಮೋಸ ಹೋದರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಬೆಂಕಿ ಬಗ್ಗೆ ಸಭೆಯಲ್ಲಿ ಯಾಕೆ ಇಷ್ಟು ಒತ್ತಿ ಹೇಳುತ್ತೀರಿ?

2021ರ ಸೆಪ್ಟೆಂಬರ್‌ನಲ್ಲಿ ನ್ಯೂ ತರಗುಪೇಟೆಯ ಗೋದಾಮಿನಲ್ಲಿ ಪಟಾಕಿ ಸಿಡಿದು ಜನ ಸತ್ತರು. 2025ರ ಆಗಸ್ಟ್‌ನಲ್ಲಿ ನಗರ್ತಪೇಟೆಯ ಕಟ್ಟಡವೊಂದರಲ್ಲಿ ಬೆಂಕಿ ಬಿದ್ದು ಐವರು ಸತ್ತರು, ಅದರಲ್ಲಿ ಮಕ್ಕಳೂ ಇದ್ದರು. ಕೆಳಗೆ ಪ್ಲಾಸ್ಟಿಕ್ ಸಾಮಾನು, ಮೇಲೆ ಮನೆ. ಪೇಟೆಯಲ್ಲಿ ಇಂಥ ಕಟ್ಟಡ ಎಷ್ಟಿಲ್ಲ ಹೇಳಿ.

ನಿಮ್ಮ ಕಟ್ಟಡದ ಮೆಟ್ಟಿಲು ಕೆಳಗೆ ಬಗ್ಗಿ ನೋಡಿ. ಹಳೇ ಮರದ ಹಲಗೆ, ಅದರ ಮೇಲೆ ಎಂಟು ಹತ್ತು ಮೀಟರು, ಒಂದರ ಮೇಲೊಂದು ಸುತ್ತಿದ ವೈರು, ಟೇಪು ಬಿಚ್ಚಿಕೊಂಡ ಜಾಯಿಂಟು. ಅದಕ್ಕೆ ತಾಗಿದಂತೆ ರಟ್ಟಿನ ಡಬ್ಬಗಳ ರಾಶಿ. ಮೇಲಿನವರು ಇಳಿದು ಬರೋಕೆ ಇರುವುದು ಇದೊಂದೇ ಮೆಟ್ಟಿಲು. ಬೆಂಕಿ ಹತ್ತುವುದೂ ಇಲ್ಲೇ, ಓಡಬೇಕಾದ್ದೂ ಇಲ್ಲೇ.

ಅಗ್ನಿಶಾಮಕ ವಾಹನ ನಮ್ಮ ಓಣಿಯೊಳಗೆ ಬರಲ್ಲ. ರಸ್ತೆ ತುದಿಯಲ್ಲಿ ನಿಂತು ಪೈಪ್ ಎಳೆಯಬೇಕು, ಆ ದಾರಿಯಲ್ಲಿ ನಮ್ಮ ಸ್ಕೂಟರ್‌ಗಳಿರುತ್ತವೆ. ಹಾಗಾಗಿ ಮೊದಲ ಕೆಲವು ನಿಮಿಷ ನಮ್ಮದೇ ಜವಾಬ್ದಾರಿ. ಮೆಟ್ಟಿಲ ಕೆಳಗಿನದ್ದನ್ನು ಇವತ್ತೇ ಖಾಲಿ ಮಾಡಿ. ಬೆಂಕಿ ನಂದಿಸುವ ಪುಡಿ ತುಂಬಿದ ಎಬಿಸಿ ಸಿಲಿಂಡರ್ ಬಾಗಿಲ ಹತ್ತಿರ ಇರಲಿ, ಗೋದಾಮಿನ ಒಳಮೂಲೆಯಲ್ಲಿ ಬೇಡ. ಅದರ ಒತ್ತಡದ ಮೀಟರಿನ ಮುಳ್ಳು ಹಸಿರಿನಲ್ಲಿದೆಯಾ ತಿಂಗಳಿಗೊಮ್ಮೆ ನೋಡಿ. ಕರೆಂಟ್ ಬೆಂಕಿಗೆ ನೀರು ಎರಚಬಾರದು ಅಂತ ಹುಡುಗರಿಗೆ ಹೇಳಿ, ಮೇನ್ ಸ್ವಿಚ್ ಎಲ್ಲಿದೆ ತೋರಿಸಿ. ರಾತ್ರಿ ಹುಡುಗರನ್ನು ಗೋದಾಮಿನಲ್ಲಿ ಮಲಗಿಸಿ ಹೊರಗಿನಿಂದ ಬೀಗ ಹಾಕುವ ಅಭ್ಯಾಸ ಯಾರಿಗಾದರೂ ಇದ್ದರೆ, ದಯವಿಟ್ಟು, ಅದನ್ನು ನಿಲ್ಲಿಸಿ.

ಅಭಿವೃದ್ಧಿ ಅಂತ ಕೇಳುವುದಾದರೆ ಮೊದಲು ಏನು ಕೇಳಬೇಕು?

ಕಮಾನು ಬೇಡ, ಅಲಂಕಾರದ ದೀಪವೂ ಬೇಡ. ಶೌಚಾಲಯ ಕೇಳಿ.

ಸೀರೆ ಅಂಗಡಿಯಲ್ಲಿ, ಬಳೆ ಅಂಗಡಿಯಲ್ಲಿ ಕೆಲಸ ಮಾಡುವ ಹೆಣ್ಣುಮಕ್ಕಳು ಬೆಳಗ್ಗೆ ಬಂದವರು ರಾತ್ರಿವರೆಗೆ ನಿಂತೇ ಇರುತ್ತಾರೆ. ಎಷ್ಟೋ ಸಣ್ಣ ಅಂಗಡಿಯಲ್ಲಿ ಶೌಚಾಲಯ ಇಲ್ಲ, ಇದ್ದರೆ ಮೂರನೇ ಮಹಡಿಯಲ್ಲಿ ಗಂಡಸರದ್ದು. ಅದಕ್ಕೇ ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಇದನ್ನು ಸಭೆಯಲ್ಲಿ ಎತ್ತಿದಾಗ ಹಿರಿಯರೊಬ್ಬರು ‘ಇದು ನಮ್ಮ ವಿಷಯ ಅಲ್ಲಪ್ಪ’ ಅಂದರು. ಮದುವೆ ಸೀರೆಗೆ ಬರುವ ಮನೆಮಂದಿ ಮೂರು ಗಂಟೆ ಕೂರುತ್ತಾರೆ, ಅವರ ಜೊತೆ ಅಜ್ಜಿ ಇರುತ್ತಾರೆ, ಮಗು ಇರುತ್ತದೆ. ಇದು ವ್ಯಾಪಾರದ ವಿಷಯವೇ. ಜಾಗ ಇಲ್ಲ ಅಂತ ಪಾಲಿಕೆ ಹೇಳಿದರೆ, ಕಾಂಪ್ಲೆಕ್ಸ್‌ಗಳು ತಮ್ಮಲ್ಲಿರುವುದನ್ನು ಎಲ್ಲರಿಗೂ ತೆರೆದು, ಶುಚಿ ಮಾಡುವ ಖರ್ಚನ್ನು ಓಣಿ ಕೊಡುವ ವ್ಯವಸ್ಥೆ ಮಾಡಬಹುದು.

ನಾನು ಬಾಡಿಗೆದಾರ. ನನ್ನ ಮಾತು ನಡೆಯುತ್ತಾ?

ನಡೆಯುತ್ತದೆ. ಟ್ರೇಡ್ ಲೈಸೆನ್ಸ್ ನಿಮ್ಮ ಹೆಸರಲ್ಲಿದೆ ತಾನೇ? ಪೇಟೆಯ ಕಟ್ಟಡ ಮಾಲೀಕರು ಎಷ್ಟೋ ಜನ ಜಯನಗರ, ಮಲ್ಲೇಶ್ವರದಲ್ಲಿದ್ದಾರೆ. ಗುಂಡಿ ಅವರ ಕಣ್ಣಿಗೆ ಬೀಳಲ್ಲ.

ಸಂಘ ನೋಂದಣಿ ಮಾಡಲೇಬೇಕಾ? ವಾಟ್ಸ್ಆ್ಯಪ್ ಗುಂಪು ಸಾಲದಾ?

ದೂರು ಕೊಡೋಕೆ ಗುಂಪು ಸಾಕು. ದುಡ್ಡು ಕೂಡಿಸಿ ಬ್ಯಾಂಕಿನಲ್ಲಿಡೋಕೆ, ಕಾವಲಿನ ಏಜೆನ್ಸಿ ಜೊತೆ ಕರಾರು ಮಾಡೋಕೆ, ಕೋರ್ಟಿಗೆ ಹೋಗೋಕೆ ನೋಂದಣಿ ಬೇಕು. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಲ್ಲಿ ಏಳು ಜನ ಇದ್ದರೆ ಆಯಿತು. ಇಡೀ ಪೇಟೆಗೆ ಒಂದೇ ಸಂಘ ಮಾಡಲು ಹೋಗಿ ಅಧ್ಯಕ್ಷಗಿರಿ ಜಗಳದಲ್ಲಿ ಮುಳುಗುವುದಕ್ಕಿಂತ ಓಣಿಗೊಂದು ಸಣ್ಣ ಸಂಘ ಮೇಲು. ದೊಡ್ಡ ವಿಷಯಕ್ಕೆ 1916ರಿಂದ ಇರುವ ರಾಜ್ಯದ ವಾಣಿಜ್ಯ ಮತ್ತು ಕೈಗಾರಿಕಾ ಮಹಾಸಂಘ, ಅಂದರೆ ಎಫ್‌ಕೆಸಿಸಿಐ ಇದ್ದೇ ಇದೆ, ಕೆಂಪೇಗೌಡ ರಸ್ತೆಯಲ್ಲಿ, ನಡೆದು ಹೋಗುವಷ್ಟು ಹತ್ತಿರ. ವಾಟ್ಸ್ಆ್ಯಪ್ ಗುಂಪಿಗೆ ಒಂದೇ ನಿಯಮ: ಗುಡ್ ಮಾರ್ನಿಂಗ್ ಹೂವು ನಿಷೇಧ.

ಶಾಸಕರ ಹತ್ತಿರ ಹೋದರೆ ಕೆಲಸ ಬೇಗ ಆಗಲ್ವಾ?

ಆಗಬಹುದು. ಪಾಲಿಕೆ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆ ಆಗದೆ, ಎಲ್ಲರೂ ಶಾಸಕರ ಮನೆ ಮುಂದೆಯೇ ನಿಂತರು. ಶಾಸಕರಿಗೆ ಪ್ರದೇಶಾಭಿವೃದ್ಧಿ ನಿಧಿ ಅಂತ ವರ್ಷಕ್ಕೆ 2 ಕೋಟಿ ರೂಪಾಯಿ ಇರುತ್ತದೆ, ಅದು ಇಡೀ ಕ್ಷೇತ್ರಕ್ಕೆ. ಅದರಲ್ಲಿ ರಸ್ತೆ ಕೇಳಿದರೆ ನಗುತ್ತಾರೆ. ಒಂದು ಶೌಚಾಲಯ, ನಾಲ್ಕು ಬೀದಿದೀಪ, ಹಮಾಲಿಗಳಿಗೆ ಕುಡಿಯುವ ನೀರಿನ ಘಟಕ ಕೇಳಿದರೆ ಕೈಗೂಡಬಹುದು.

ಹೋಗುವಾಗ ಒಂದೇ ಹಾಳೆ ಒಯ್ಯಿರಿ. ಅದರಲ್ಲಿ ಮೂರು ಬೇಡಿಕೆ, ಪ್ರತಿಯೊಂದಕ್ಕೂ ದೂರಿನ ಸಂಖ್ಯೆ, ದಿನಾಂಕ, ಫೋಟೋ. ಹಾರ, ಶಾಲು, ಪೇಟ ಬೇಡ, ಅದಕ್ಕೇ ಅರ್ಧ ಗಂಟೆ ಹೋಗುತ್ತದೆ. ಹಾಳೆಯ ಇನ್ನೊಂದು ಪ್ರತಿಯ ಮೇಲೆ ಅವರ ಆಪ್ತ ಸಹಾಯಕರ ಸಹಿ ಹಾಕಿಸಿಕೊಂಡು ಬನ್ನಿ. ಮುಂದಿನ ಸಭೆಗೆ ಆ ಪ್ರತಿ ತರುವುದು ಮರೆಯಬೇಡಿ.